ಸೊನ್ನೆಯನ್ನು ಸಂಪಾದಿಸಿದವರು

ಆಟದ ಲೆಕ್ಕದ ಪುಸ್ತಕದಲ್ಲಿ ಸೊನ್ನೆಗೆ ಎರಡು ಬೆಲೆಗಳುಂಟು. ದಾಂಡು ಹಿಡಿದವನ ಹೆಸರಿನ ಮುಂದೆ ಬಿದ್ದ ಸೊನ್ನೆ ಹಾಸ್ಯಕ್ಕೆ ಗುರಿ. ಇಂಗ್ಲಿಷರು ಅದನ್ನು ಬಾತುಕೋಳಿಯ ಮೊಟ್ಟೆಗೆ ಹೋಲಿಸಿ ನಕ್ಕರು. ಚೆಂಡನ್ನು ಎಸೆದವನ ಹೆಸರಿನ ಮುಂದೆ ಬಿದ್ದ ಸೊನ್ನೆಯಾದರೋ ಅವನ ಸಂಪಾದನೆ. ಎದುರಾಳಿಗೆ ಏನನ್ನೂ ಕೊಡಲಿಲ್ಲವೆಂಬುದಕ್ಕೆ ಅದು ಸಾಕ್ಷಿ. ಆದರೆ ಈ ಎರಡನೆಯ ಸೊನ್ನೆಯನ್ನು ಜನ ಗಮನಿಸುವುದು ಕಡಮೆ. ನೂರು ಓಟಗಳನ್ನು ಕೂಡಿಸಿದವನಿಗೆ ಚಪ್ಪಾಳೆ ಬೀಳುತ್ತದೆ. ಆಗಬಹುದಾಗಿದ್ದ ನೂರು ಓಟಗಳನ್ನು ಆಗಗೊಡದವನ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಆಗದೆ ಹೋದುದನ್ನು ಎಣಿಸುವುದಾದರೂ ಹೇಗೆ?

ಏನನ್ನೂ ಕೊಡದಿರುವುದರಿಂದ ಗೆಲವು ಬರುತ್ತದೆಯೇ, ಅಥವಾ ಅದು ಕೇವಲ ಜಿಪುಣನ ಸಂತೋಷವೇ? ಈ ಪ್ರಶ್ನೆಯನ್ನು ಹಿಡಿದುಕೊಂಡು ಇಂದು ನಾವು ಸ್ವಲ್ಪ ದೂರ ಹೋಗಿ ಬರಬೇಕಾಗಿದೆ. ಹೊರಡುವುದು ಅಮೆರಿಕದ ಸೇಂಟ್ ಲೂಯಿ ಪಟ್ಟಣದಿಂದ, ೧೮೭೬ನೆಯ ಇಸವಿಯಲ್ಲಿ. ಬಂದು ಸೇರುವುದು ನಮ್ಮ ಗದಗಿಗೆ. ದಾರಿ ಸುತ್ತಿನದೆಂದು ತೋರಿದರೂ ಕೇಳುವವರು ದಯವಿಟ್ಟು ತಾಳ್ಮೆಯಿಂದಿರಬೇಕು. ತಾಳ್ಮೆಯೇ ಈ ಭಾಷಣದ ವಿಷಯವೂ ಆಗಿದೆ.

ಅಮೆರಿಕನರ ಬೇಸ್‌ಬಾಲ್ ಆಟ ನಮ್ಮಲ್ಲಿ ಬೇರೂರಲಿಲ್ಲ. ೧೮೮೮-೮೯ರಲ್ಲಿ ಆಲ್ಬರ್ಟ್ ಸ್ಪಾಲ್ಡಿಂಗ್ ಎಂಬಾತನು ಎರಡು ತಂಡಗಳನ್ನು ಕಟ್ಟಿಕೊಂಡು ಈ ಆಟವನ್ನು ತೋರಿಸುತ್ತ ಲೋಕವನ್ನೆಲ್ಲ ಸುತ್ತಿದನು. ಕೊಲಂಬೊ ಪಟ್ಟಣದಲ್ಲಿ ಆಡಿದರು, ಈಜಿಪ್ತಿನ ಪಿರಮಿಡ್ಡುಗಳ ಬುಡದಲ್ಲಿ ಆಡಿದರು. ನಡುವೆ ಇದ್ದ ಭಾರತವನ್ನು ಮಾತ್ರ ಬಿಟ್ಟು ಮುಂದೆ ಹೋದರು. ಆದುದರಿಂದ ಆಟದ ಕ್ರಮವನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ. ಪಕ್ಷಕ್ಕೆ ಒಂಬತ್ತು ಜನ. ಒಂದೊಂದು ಪಕ್ಷವೂ ಒಂಬತ್ತು ಸಲ ದಾಂಡು ಹಿಡಿಯುತ್ತದೆ. ಮೂವರು ಔಟಾದರೆ ಒಂದು ಸರದಿ ಮುಗಿಯಿತು. ದಾಂಡಿಗನು ನಾಲ್ಕು ಮೂಲೆಗಳನ್ನು ಸುತ್ತಿ ಮತ್ತೆ ಹೊರಟ ಸ್ಥಳಕ್ಕೆ ಬಂದರೆ ಒಂದು ಓಟ. ನಮ್ಮ ಕ್ರಿಕೆಟ್ಟಿನಲ್ಲಿ ಬೋಲರುಗಳು ಓವರಿಗೊಬ್ಬರಂತೆ ಬದಲಾಗುತ್ತಾರೆ. ಬೇಸ್‌ಬಾಲಿನಲ್ಲಿ ಆ ಕಾಲಕ್ಕೆ ಒಬ್ಬನೇ, ಪಿಚರ್ ಎಂಬುವನು, ಮೊದಲಿಂದ ಕೊನೆಯವರೆಗೆ ಎಸೆಯುತ್ತಿದ್ದನು. ಒಂಬತ್ತು ಸರದಿಗಳಲ್ಲಿಯೂ ಅವನು ಎದುರಾಳಿಗೆ ಒಂದು ಓಟವನ್ನೂ ಕೊಡದೆ ಆಟವನ್ನು ಮುಗಿಸಿದರೆ ಅದಕ್ಕೆ ಷಟ್‌ಔಟ್ ಎಂದು ಹೆಸರು. ಬಾಗಿಲು ಹಾಕಿ ಹೊರಗೇ ನಿಲ್ಲಿಸಿದ ಹಾಗೆ.

ಆಟ ಅಮೆರಿಕದ್ದಾದರೂ ಅದರ ಲೆಕ್ಕ ಬರೆಯುವ ಪದ್ಧತಿಯಲ್ಲಿ ಕ್ರಿಕೆಟ್ಟಿನ ರಕ್ತವೇ ಹರಿಯುತ್ತಿದೆ. ಬೇಸ್‌ಬಾಲಿನ ಅಂಕಪಟ್ಟಿಗೆ ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ೧೮೨೪ರಲ್ಲಿ ಹುಟ್ಟಿದವನು. ನ್ಯೂಯಾರ್ಕಿನಲ್ಲಿ ಕ್ರಿಕೆಟ್ ಪಂದ್ಯಗಳ ವರದಿ ಬರೆಯುತ್ತಿದ್ದವನು. ೧೮೬೯ರಲ್ಲಿ ಸಿನ್ಸಿನಾಟಿಯಲ್ಲಿ ಮೊದಲ ಬಾರಿಗೆ ಬಹಿರಂಗವಾಗಿ ಸಂಬಳ ಕೊಟ್ಟು ತಂಡವನ್ನು ನಡೆಸಿದ ಹ್ಯಾರಿ ರೈಟ್ ಸಹ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹುಟ್ಟಿ, ತಂದೆಯಂತೆಯೇ ಕ್ರಿಕೆಟ್ಟಿನಿಂದ ಜೀವನ ಮಾಡಿದ್ದವನು. ಹೀಗಾಗಿ ಒಂದು ಆಟದ ಸೊನ್ನೆಯನ್ನು ಇನ್ನೊಂದರ ಸೊನ್ನೆಯ ಪಕ್ಕದಲ್ಲಿಟ್ಟು ನೋಡುವುದು ಬಾದರಾಯಣ ಸಂಬಂಧವೇನೂ ಅಲ್ಲ. ಅವು ಒಂದೇ ಮನೆಯ ದಾಯಾದಿಗಳು.

ಮೊದಮೊದಲು ಬೇಸ್‌ಬಾಲಿನಲ್ಲಿ ಸೊನ್ನೆಯೆಂಬುದು ಬಲು ಅಪೂರ್ವವಾಗಿತ್ತು. ಪಂದ್ಯಕ್ಕೆ ಮೂವತ್ತು ನಲವತ್ತು ಓಟಗಳಾಗುತ್ತಿದ್ದ ಕಾಲ ಅದು. ೧೮೭೦ರ ಜುಲೈ ೨೩ರಂದು ನ್ಯೂಯಾರ್ಕಿನ ಮ್ಯೂಚುಯಲ್ಸ್ ತಂಡ ಷಿಕಾಗೋ ತಂಡವನ್ನು ೯-೦ ಆಗಿ ಸೋಲಿಸಿತು. ಬಲಿಷ್ಠವಾದ ತಂಡವೊಂದು ಒಂದು ಓಟವನ್ನೂ ಮಾಡದೆ ಮನೆಗೆ ಹೋದುದು ಜನರಿಗೆ ಎಷ್ಟು ಸೋಜಿಗವಾಗಿ ಕಂಡಿತೆಂದರೆ, ಮುಂದೆ ಅನೇಕ ವರ್ಷಗಳ ಕಾಲ ಯಾರಿಗಾದರೂ ಸೊನ್ನೆ ಬಿದ್ದರೆ ‘ಅವರಿಗೆ ಷಿಕಾಗೋ ಆಯಿತು’ ಎಂದು ಪತ್ರಿಕೆಗಳು ಬರೆದವು. ಊರಿನ ಹೆಸರು ಕ್ರಿಯಾಪದವಾಗಿ ಹೋಯಿತು! ಮರುವರ್ಷ, ೧೮೭೧ರ ಮೇ ೪ರಂದು, ವೃತ್ತಿಪರರ ಮೊದಲನೆಯ ಸಂಘದ ಮೊದಲನೆಯ ಪಂದ್ಯ ಫೋರ್ಟ್ ವೇನ್ ಪಟ್ಟಣದಲ್ಲಿ ನಡೆಯಿತು. ಆತಿಥೇಯ ತಂಡ ಕ್ಲೀವ್‌ಲೆಂಡನ್ನು ೨-೦ ಆಗಿ ಗೆದ್ದಿತು. ಎಸೆದವನು ಬಾಬಿ ಮ್ಯಾಥ್ಯೂಸ್, ಗಾತ್ರದಲ್ಲಿ ಪುಟ್ಟ ಮನುಷ್ಯ. ವೃತ್ತಿಪರ ಆಟದ ಚರಿತ್ರೆಯ ಮೊದಲ ಪುಟದಲ್ಲಿಯೇ ಸೊನ್ನೆ ಕುಳಿತಿತು.

೧೮೭೬ರಲ್ಲಿ ನ್ಯಾಷನಲ್ ಲೀಗ್ ಹುಟ್ಟಿತು. ಇಂದಿಗೂ ನಡೆಯುತ್ತಿರುವ ಆ ಸಂಸ್ಥೆಯ ಮೊದಲ ಷಟ್‌ಔಟ್ ಅದೇ ವರ್ಷದ ಏಪ್ರಿಲ್ ೨೫ರಂದು ಲೂಯಿವಿಲ್ಲಿನಲ್ಲಿ ಆಯಿತು, ೪-೦. ಕೊಟ್ಟವನು ನಾನು ಮೊದಲು ಹೇಳಿದ ಲೋಕಸಂಚಾರಿ ಸ್ಪಾಲ್ಡಿಂಗನೇ. ಅವನ ತಂಡ ಮತ್ತಾವುದೂ ಅಲ್ಲ, ಷಿಕಾಗೋ. ತಮ್ಮ ಊರಿಗೆ ಅಂಟಿದ್ದ ಹೆಸರನ್ನು ಅವರು ಬೇರೆಯವರಿಗೆ ದಾಟಿಸಿದರು.

ಆ ವರ್ಷದ ನಿಜವಾದ ನಾಯಕನು ಸೇಂಟ್ ಲೂಯಿಯ ಜಾರ್ಜ್ ಬ್ರಾಡ್ಲಿ. ಅವನ ತಂಡ ಆಡಿದ ಪಂದ್ಯಗಳು ೬೪. ಹೆಚ್ಚು ಕಡಮೆ ಎಲ್ಲದರಲ್ಲಿಯೂ ಅವನೇ ಎಸೆದನು. ೪೫ ಗೆಲವುಗಳು, ಅವುಗಳಲ್ಲಿ ೧೬ ಷಟ್‌ಔಟುಗಳು. ನಾಲ್ಕು ಪಂದ್ಯಗಳಿಗೆ ಒಂದರಂತೆ ಎದುರಾಳಿಯನ್ನು ಬರಿಗೈಯಲ್ಲಿ ಕಳುಹಿಸಿದನೆಂದಾಯಿತು. ಜುಲೈ ೧೫ರಂದು ಹಾರ್ಟ್‌ಫರ್ಡ್ ತಂಡದ ಮೇಲೆ, ಓಟವಿರಲಿ, ಒಂದು ಸರಿಯಾದ ಹೊಡೆತವನ್ನೂ ಕೊಡದೆ ೨-೦ ಆಗಿ ಗೆದ್ದನು. ನ್ಯಾಷನಲ್ ಲೀಗಿನಲ್ಲಿ ಅಂಥದು ಅದೇ ಮೊದಲು. ಅವನ ೧೬ರ ಲೆಕ್ಕವನ್ನು ೧೯೧೬ರಲ್ಲಿ ಫಿಲಡೆಲ್ಫಿಯಾದ ಗ್ರೋವರ್ ಅಲೆಕ್ಸಾಂಡರ್ ಸರಿಗಟ್ಟಿದನು. ದಾಟಿದವರು ಈವರೆಗೆ ಯಾರೂ ಇಲ್ಲ.

ಈ ಸೊನ್ನೆಗಳು ಬ್ರಾಡ್ಲಿಯೊಬ್ಬನವೇ? ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅಂದಿನ ನಿಯಮಗಳು ಇಂದಿನವಲ್ಲ. ಪಿಚರನು ದಾಂಡಿಗನಿಂದ ಕೇವಲ ೪೫ ಅಡಿ ದೂರದಲ್ಲಿ ನಿಂತು, ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಎಸೆಯಬೇಕಾಗಿತ್ತು. ದಾಂಡಿಗನಾದರೋ ತನಗೆ ಎತ್ತರದ ಚೆಂಡು ಬೇಕೋ ತಗ್ಗಿನ ಚೆಂಡು ಬೇಕೋ ಎಂಬುದನ್ನು ಮೊದಲೇ ಕೇಳಬಹುದಾಗಿತ್ತು. ಅಂಗಡಿಯಲ್ಲಿ ನಿಂತು ಬಟ್ಟೆ ಆರಿಸಿದಂತೆ. ೧೮೮೭ರವರೆಗೂ ಈ ಹಕ್ಕು ಅವನಿಗಿತ್ತು. ಚೆಂಡು ಹಿಡಿಯುವವರ ಸ್ಥಿತಿಯೋ, ದೇವರಿಗೇ ಪ್ರೀತಿ. ಎಲ್ಲರೂ ಬರಿಗೈಯವರು. ೧೮೭೫ರಲ್ಲಿ ಇದೇ ಸೇಂಟ್ ಲೂಯಿ ತಂಡದಲ್ಲಿದ್ದ ಚಾರ್ಲ್ಸ್ ವೇಟ್ ಎಂಬಾತನು ಕೈಗೆ ಚರ್ಮದ ಚೀಲವೊಂದನ್ನು ತೊಟ್ಟು ಬಂದನಂತೆ. ಜನ ಕಂಡು ನಕ್ಕಾರೆಂದು ಮೈಬಣ್ಣದ ಚರ್ಮವನ್ನೇ ಆರಿಸಿದ್ದನೆಂದು ಸ್ಪಾಲ್ಡಿಂಗ್ ಬರೆದಿದ್ದಾನೆ. ಬೆರಳು ಮುರಿದುಕೊಳ್ಳುವುದು ಗಂಡಸುತನ, ಕಾಪಾಡಿಕೊಳ್ಳುವುದು ನಾಚಿಕೆಗೇಡು ಎಂಬ ಭಾವನೆ! ಇಂಥ ಕೈಗಳಿಂದ ಪ್ರತಿ ಪಂದ್ಯದಲ್ಲಿಯೂ ಎಷ್ಟೋ ಚೆಂಡುಗಳು ಜಾರುತ್ತಿದ್ದವು. ಅಂದು ಆಗುತ್ತಿದ್ದ ಓಟಗಳಲ್ಲಿ ಬಹುಪಾಲು ಪಿಚರನ ತಪ್ಪಿನಿಂದಲ್ಲ, ಹಿಂದೆ ನಿಂತವರ ಜಾರಿದ ಕೈಗಳಿಂದ ಆಗುತ್ತಿದ್ದವು. ಆದುದರಿಂದ ಒಂಬತ್ತು ಸರದಿಗಳ ಉದ್ದಕ್ಕೂ ಸೊನ್ನೆಯೆಂದರೆ ಎಸೆದವನೊಬ್ಬನ ಕೈಚಳಕವಲ್ಲ; ಎಂಟು ಜೊತೆ ಬರಿಗೈಗಳು ಒಂದು ಮಧ್ಯಾಹ್ನವೆಲ್ಲ ಜಾರದೆ ಇದ್ದುದರ ಫಲ. ಪುಸ್ತಕ ಮಾತ್ರ ಬ್ರಾಡ್ಲಿಯ ಹೆಸರನ್ನು ಬರೆದುಕೊಂಡಿತು.

ನಾಲ್ಕು ವರ್ಷಗಳ ಮೇಲೆ ಇನ್ನೊಂದು ವಿಚಿತ್ರ ನಡೆಯಿತು. ೧೮೮೦ರ ಜೂನ್ ೧೨ರಂದು ವೂಸ್ಟರ್ ತಂಡದ ಜಾನ್ ಲೀ ರಿಚ್ಮಂಡ್, ಬ್ರೌನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ, ಎಡಗೈಯವನು, ಕ್ಲೀವ್‌ಲೆಂಡಿನ ೨೭ ದಾಂಡಿಗರನ್ನೂ ಒಬ್ಬೊಬ್ಬರಾಗಿ ಹಿಂದಕ್ಕೆ ಕಳುಹಿಸಿದನು. ಓಟವಿಲ್ಲ, ಹೊಡೆತವಿಲ್ಲ, ಒಬ್ಬನು ಮೊದಲ ಮೂಲೆಯನ್ನೂ ಮುಟ್ಟಲಿಲ್ಲ. ಅವನ ತಂಡ ಗೆದ್ದುದು ೧-೦ ಆಗಿ. ಐದೇ ದಿನಗಳ ಮೇಲೆ, ಜೂನ್ ೧೭ರಂದು, ಪ್ರಾವಿಡೆನ್ಸಿನ ಜಾನ್ ಮಾಂಟ್ಗೊಮರಿ ವಾರ್ಡ್ ಬಫಲೋ ತಂಡದ ಮೇಲೆ ಅದನ್ನೇ ಮಾಡಿದನು. ಇಂದು ಇದನ್ನು ಪರಿಪೂರ್ಣ ಪಂದ್ಯವೆಂದು ಕರೆಯುತ್ತಾರೆ. ಅಂದು ಅದಕ್ಕೆ ಹೆಸರೇ ಇರಲಿಲ್ಲ. ಒಂದು ವಾರದಲ್ಲಿ ಎರಡು ಬಾರಿ ನಡೆದ ಈ ಸಂಗತಿ ನ್ಯಾಷನಲ್ ಲೀಗಿನಲ್ಲಿ ಮೂರನೆಯ ಬಾರಿ ನಡೆದುದು ೧೯೬೪ರಲ್ಲಿ. ಆ ೧೯೬೪ ಎಂಬ ಇಸವಿಯನ್ನು ಕೇಳುವವರು ಜ್ಞಾಪಕದಲ್ಲಿಟ್ಟುಕೊಳ್ಳಬೇಕು. ಮತ್ತೆ ಅಲ್ಲಿಗೆ ಬರುತ್ತೇವೆ.

ಆಮೇಲೆ ನಿಯಮಗಳು ಬದಲಾದವು. ೧೮೮೧ರಲ್ಲಿ ೪೫ ಅಡಿಯ ಅಂತರ ೫೦ ಅಡಿಯಾಯಿತು. ೧೮೮೪ರಲ್ಲಿ ನ್ಯಾಷನಲ್ ಲೀಗು ಭುಜದ ಮೇಲಿನಿಂದ ಎಸೆಯುವುದಕ್ಕೆ ಅಪ್ಪಣೆ ಕೊಟ್ಟಿತು. ೧೮೯೩ರಲ್ಲಿ ಅಂತರವನ್ನು ೬೦ ಅಡಿ ೬ ಅಂಗುಲಕ್ಕೆ ಒಯ್ದರು. ಕೂಡಲೆ ದಾಂಡಿಗರ ಕೈ ಮೇಲಾಯಿತು. ಮರುವರ್ಷ ಇಡೀ ಲೀಗಿನ ದಾಂಡಿಗರ ಸರಾಸರಿ ಹಿಂದೆಂದೂ ಕಾಣದಷ್ಟು ಏರಿತು, ಸೊನ್ನೆಗಳು ಇಳಿದವು. ನನಗೆ ತೋರುವಂತೆ, ಬ್ರಾಡ್ಲಿಯ ಕಾಲದ ಸೊನ್ನೆಯನ್ನು ೧೮೯೪ರ ಸೊನ್ನೆಯೊಡನೆ ತೂಗುವುದು ಬೇರೆ ಬೇರೆ ಊರಿನ ಸೇರಿನಿಂದ ಅಕ್ಕಿ ಅಳೆದಂತೆ.

ಅದಿರಲಿ. ಈ ಎಲ್ಲ ಬದಲಾವಣೆಗಳಲ್ಲಿ ಬದಲಾಗದೆ ಉಳಿದುದು ಒಂದು. ಬೇಸ್‌ಬಾಲಿನಲ್ಲಿ ಎದುರಾಳಿಗೆ ಏನನ್ನೂ ಕೊಡದವನು ಸೋಲುವುದು ಸಾಧ್ಯವಿಲ್ಲ. ಅವನ ಪಕ್ಷದವರು ಎಂದೋ ಒಮ್ಮೆ ಒಂದು ಓಟ ಮಾಡಿದರೆ ಸಾಕು, ಆಟ ಮುಗಿಯಿತು. ವರ್ಷದ ಪ್ರಶಸ್ತಿಯ ಮಾತು ಬೇರೆ. ೧೮೭೬ರ ಪ್ರಶಸ್ತಿ ಬ್ರಾಡ್ಲಿಯ ತಂಡಕ್ಕೆ ಬರಲಿಲ್ಲ, ಷಿಕಾಗೋವಿಗೆ ಹೋಯಿತು. ಮರುವರ್ಷ ಬ್ರಾಡ್ಲಿಯೇ ಷಿಕಾಗೋ ತಂಡವನ್ನು ಸೇರಿದಾಗ ಹಿಂದಿನ ವರ್ಷದ ಕೈ ಅವನಿಗೆ ಮತ್ತೆ ಒದಗಲಿಲ್ಲ. ಆದರೆ ಆ ಹದಿನಾರು ದಿನಗಳಲ್ಲಿ ಒಂದೊಂದು ದಿನವೂ ಗೆಲವು ಅವನದೇ.

ಕ್ರಿಕೆಟ್ಟಿನಲ್ಲಿ ಹಾಗಲ್ಲ. ಇಲ್ಲಿಯೇ ಎರಡು ದಾಯಾದಿಗಳ ದಾರಿ ಕವಲೊಡೆಯುತ್ತದೆ.

ಕ್ರಿಕೆಟ್ಟಿನ ಸೊನ್ನೆಗೆ ಮೇಡನ್ ಓವರೆಂದು ಹೆಸರು. ಕನ್ಯೆ ಎಂದು ಅದರ ಅರ್ಥ. ಫಲವಿಲ್ಲದ ಓವರು ಎಂಬ ಭಾವ. ಯಾರಿಗೆ ಫಲವಿಲ್ಲ ಎಂದು ಕೇಳಬೇಕು! ಹೆಸರಿಟ್ಟವನು ದಾಂಡಿಗನ ಕಡೆಯವನೇ ಇರಬೇಕೆಂದು ನನ್ನ ಗುಮಾನಿ. ಬ್ರಾಡ್ಲಿ ಅಮೆರಿಕದಲ್ಲಿ ಎಸೆಯುತ್ತಿದ್ದ ದಿನಗಳಲ್ಲಿಯೇ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಆಲ್ಫ್ರೆಡ್ ಷಾ ಎಂಬುವನಿದ್ದನು. ೧೮೭೭ರ ಮಾರ್ಚಿಯಲ್ಲಿ ಮೆಲ್ಬರ್ನಿನಲ್ಲಿ ಟೆಸ್ಟ್ ಪಂದ್ಯಗಳ ಚರಿತ್ರೆಯ ಮೊದಲನೆಯ ಚೆಂಡನ್ನು ಎಸೆದವನು ಅವನೇ. ತನ್ನ ಇಡೀ ಜೀವಮಾನದಲ್ಲಿ ಅವನು ಕೊಟ್ಟ ಓಟಗಳಿಗಿಂತ ಹಾಕಿದ ಓವರುಗಳ ಸಂಖ್ಯೆಯೇ ಹೆಚ್ಚು. ಅರ್ಧಕ್ಕೆ ಮೇಲ್ಪಟ್ಟು ಮೇಡನ್ನುಗಳು. ಅಂದಿನ ಓವರಿಗೆ ನಾಲ್ಕೇ ಚೆಂಡು ಎಂಬುದನ್ನೂ ಹೇಳಬೇಕು. ೧೮೮೯ರಲ್ಲಿ ಐದಾಯಿತು, ೧೯೦೦ರಲ್ಲಿ ಇಂಗ್ಲೆಂಡಿನಲ್ಲಿ ಆರಾಯಿತು. ಕ್ರಿಕೆಟ್ಟಿನ ಅಂಕಣ ೨೨ ಗಜವೆಂಬುದು ಹದಿನೆಂಟನೆಯ ಶತಮಾನದಿಂದ ಅಲುಗಿಲ್ಲ. ಬದಲಿಗೆ ಓವರೇ ಉದ್ದವಾಗುತ್ತ ಬಂದಿತು. ಒಂದು ಆಟದಲ್ಲಿ ನೆಲವನ್ನು ಎಳೆದರು, ಇನ್ನೊಂದರಲ್ಲಿ ಲೆಕ್ಕವನ್ನು ಎಳೆದರು.

ಈಗ ೧೯೬೪ಕ್ಕೆ ಬರೋಣ. ಜನವರಿ ತಿಂಗಳು, ಮದರಾಸು, ಇಂಗ್ಲೆಂಡಿನ ಮೇಲೆ ಮೊದಲನೆಯ ಟೆಸ್ಟ್ ಪಂದ್ಯ. ಮಂಗಳೂರಿನಲ್ಲಿ ಹುಟ್ಟಿದ ಬುಧಿ ಕುಂದರನ್ ೧೯೨ ಓಟಗಳನ್ನು ಹೊಡೆದು ಭಾರತದ ಮೊತ್ತವನ್ನು ೪೫೭ಕ್ಕೆ ಏರಿಸಿದ್ದರು. ಇಂಗ್ಲೆಂಡಿನವರು ದಾಂಡು ಹಿಡಿದಾಗ ನಾಸಿಕದ ಬಾಪು ನಾಡಕರ್ಣಿ ಚೆಂಡು ತೆಗೆದುಕೊಂಡರು. ಎಡಗೈಯ ನಿಧಾನದ ಬೋಲರು. ಅಭ್ಯಾಸದಲ್ಲಿ ಅಂಕಣದ ಮೇಲೆ ಒಂದು ನಾಣ್ಯವನ್ನಿಟ್ಟು ಅದರ ಮೇಲೆಯೇ ಚೆಂಡು ಬೀಳುವಂತೆ ಎಸೆಯುತ್ತಿದ್ದರೆಂದು ಅವರ ವಿಷಯದಲ್ಲಿ ಹೇಳುವುದುಂಟು. ಆ ಸರದಿಯಲ್ಲಿ ಅವರು ಹಾಕಿದ್ದು ೩೨ ಓವರು, ಮೇಡನ್ ೨೭, ಕೊಟ್ಟ ಓಟ ೫. ನಡುವೆ ಸಾಲಾಗಿ ೨೧ ಮೇಡನ್ನುಗಳು. ೧೩೧ ಚೆಂಡುಗಳಿಗೆ ಒಂದು ಓಟವೂ ಇಲ್ಲ. ಆಡುತ್ತಿದ್ದವರೇನು ಸಾಮಾನ್ಯರೇ? ಕೆನ್ ಬ್ಯಾರಿಂಗ್ಟನ್ ಮತ್ತು ಬ್ರಯನ್ ಬೋಲಸ್. ಚೆಂಡುಗಳ ಲೆಕ್ಕ ಹಿಡಿದರೆ ಇದಕ್ಕೂ ಮುಂದೆ ಒಬ್ಬರಿದ್ದಾರೆ. ೧೯೫೭ರಲ್ಲಿ ಡರ್ಬನ್ನಿನಲ್ಲಿ ದಕ್ಷಿಣ ಆಫ್ರಿಕದ ಹ್ಯೂ ಟೇಫೀಲ್ಡ್ ೧೩೭ ಚೆಂಡುಗಳನ್ನು ಓಟವಿಲ್ಲದೆ ಹಾಕಿದರು. ಅಲ್ಲಿ ಓವರಿಗೆ ಎಂಟು ಚೆಂಡು. ನಾಡಕರ್ಣಿಯವರದು ಓವರಿನ ಲೆಕ್ಕದಲ್ಲಿ ದಾಖಲೆ, ಟೇಫೀಲ್ಡರದು ಚೆಂಡಿನ ಲೆಕ್ಕದಲ್ಲಿ.

ಫಲವೇನಾಯಿತು? ನಾಡಕರ್ಣಿಯವರ ಆ ೩೨ ಓವರುಗಳಲ್ಲಿ ಒಂದು ವಿಕೆಟ್ಟೂ ಬೀಳಲಿಲ್ಲ. ಅದೇ ಸರದಿಯಲ್ಲಿ ೮೮ ಓಟ ಕೊಟ್ಟ ಚಂದೂ ಬೋರ್ಡೆಯವರಿಗೆ ಐದು ವಿಕೆಟ್ಟುಗಳು ಬಂದವು. ಪಂದ್ಯ ಯಾರ ಗೆಲವೂ ಇಲ್ಲದೆ ಮುಗಿಯಿತು; ಆ ಸಲದ ಐದು ಟೆಸ್ಟುಗಳೂ ಹಾಗೆಯೇ ಮುಗಿದವು. ಅದೇ ವರ್ಷ ಅಮೆರಿಕದಲ್ಲಿ ಜಿಮ್ ಬನ್ನಿಂಗ್ ೨೭ ಜನರನ್ನು ಸಾಲಾಗಿ ಔಟು ಮಾಡಿದಾಗ ಅವನ ಪಕ್ಷ ಗೆದ್ದೇ ಗೆದ್ದಿತು. ಆ ಆಟದ ಕಟ್ಟೇ ಹಾಗೆ. ಟೆಸ್ಟ್ ಪಂದ್ಯದಲ್ಲಿಯಾದರೋ ಎದುರಾಳಿ ಏನನ್ನೂ ಕೇಳದೆ ಬಾಗಿಲಲ್ಲಿ ಕುಳಿತೇ ಇರಬಹುದು. ಕೊಡದವನಿಗೂ ಕೇಳದವನಿಗೂ ಜಗಳವೆಲ್ಲಿ ಬಂತು? ಕಾಲ ಕಳೆಯುತ್ತದೆ, ಸಂಜೆಯಾಗುತ್ತದೆ, ಇಬ್ಬರೂ ಮನೆಗೆ ಹೋಗುತ್ತಾರೆ. ನಾಡಕರ್ಣಿಯವರನ್ನು ಜಿಪುಣನೆಂದು ಪ್ರೀತಿಯಿಂದ ಹಾಸ್ಯ ಮಾಡಿದವರು ಬಹಳ. ಆದರೆ ನಾನು ಅವರ ಪಕ್ಷ. ಒಂದು ತುದಿಯಿಂದ ಓಟ ಬಾರದಿದ್ದುದರಿಂದಲ್ಲವೇ ದಾಂಡಿಗರು ಇನ್ನೊಂದು ತುದಿಯಲ್ಲಿ ಆತುರಪಟ್ಟುದು? ಬೋರ್ಡೆಯವರ ಐದರಲ್ಲಿ ನಾಡಕರ್ಣಿಯವರ ಪಾಲು ಎಷ್ಟೆಂದು ಬರೆಯುವುದಕ್ಕೆ ಪುಸ್ತಕದಲ್ಲಿ ಅಂಕಣವಿಲ್ಲ.

ನಮ್ಮ ನಾಡಿನಲ್ಲಿ ಎಡಗೈಯ ನಿಧಾನದ ಬೋಲರುಗಳ ಸಾಲು ಚಿಕ್ಕದಲ್ಲ. ೧೯೭೪ರಲ್ಲಿ ಕರ್ನಾಟಕಕ್ಕೆ ಮೊದಲ ಬಾರಿ ರಣಜಿ ಟ್ರೋಫಿ ಬಂದಾಗ ತಂಡದಲ್ಲಿ ವಿಜಯಕೃಷ್ಣರಿದ್ದರು. ಆಮೇಲೆ ರಘುರಾಮ ಭಟ್ಟರು ಬಂದರು. ೧೯೮೨ರಲ್ಲಿ ಬೆಂಗಳೂರಿನ ರಣಜಿ ಸೆಮಿಫೈನಲಿನಲ್ಲಿ ಮುಂಬಯಿಯ ಮೇಲೆ ಭಟ್ಟರ ಚೆಂಡು ಎಷ್ಟು ತಿರುಗಿತೆಂದರೆ, ಸುನಿಲ್ ಗಾವಸ್ಕರರಂಥವರು ಅವರನ್ನೆದುರಿಸುವಾಗ ಎಡಗೈ ದಾಂಡಿಗರಾಗಿ ನಿಂತರು. ಬೇರೆಯವರ ಚೆಂಡಿಗೆ ಮತ್ತೆ ಬಲಗೈ. ಪ್ರಪಂಚದ ಮೊದಲನೆಯ ಸಾಲಿನ ದಾಂಡಿಗನು ಓಟದ ಆಸೆಯನ್ನೇ ಬಿಟ್ಟು ಕೈ ಬದಲಾಯಿಸಿ ನಿಂತನೆಂಬುದು ಆ ಬೋಲರಿಗೆ ಸಂದ ಗೌರವ. ಅಲ್ಲಿಯೂ ಆ ನಿಲವು ಸಂಪೂರ್ಣ ಸೋಲನ್ನು ತಪ್ಪಿಸಿಕೊಳ್ಳುವುದಕ್ಕಾಗಿ, ಕಾಲ ಕಳೆಯುವುದಕ್ಕಾಗಿ.

ಕಾಲ ಕಳೆಯುವ ಈ ಉಪಾಯವನ್ನು ಕಿತ್ತುಕೊಂಡುದು ನಿಗದಿಯಾದ ಓವರುಗಳ ಆಟ. ೧೯೬೩ರಲ್ಲಿ ಇಂಗ್ಲೆಂಡಿನ ಕೌಂಟಿಗಳಲ್ಲಿ ಅದು ಕ್ರಮವಾಗಿ ಮೊದಲಾಯಿತು. ೧೯೭೧ರ ಜನವರಿ ೫ರಂದು ಮೆಲ್ಬರ್ನಿನಲ್ಲಿ ದೇಶ ದೇಶಗಳ ನಡುವೆ ನಡೆಯಿತು. ಹಳೆಯ ರಸಿಕರು ಮೂಗು ಮುರಿದರು. ದಾಂಡಿಗರ ಆಟವಾಯಿತು, ಬೋಲರು ಕೂಲಿಯಾಳಾದನು ಎಂದರು. ಅವರ ಮಾತಿನಲ್ಲಿ ನಿಜವಿಲ್ಲದೆ ಇಲ್ಲ. ಆದರೆ ಒಂದು ವಿಷಯವನ್ನು ಅವರು ಕಾಣಲಿಲ್ಲವೆಂದು ನನ್ನ ಅಭಿಪ್ರಾಯ. ಚೆಂಡುಗಳ ಸಂಖ್ಯೆ ಗೊತ್ತಾದ ಕೂಡಲೆ, ಓಟವಾಗದ ಚೆಂಡು ಖಾಲಿ ಚೆಂಡಾಗಿ ಉಳಿಯಲಿಲ್ಲ. ಎದುರಾಳಿಯ ಗಂಟಿನಿಂದ ಕಳೆದುಹೋದ ಕಾಸಾಯಿತು. ಕುಳಿತಿದ್ದು ಸಂಜೆ ಮಾಡುವುದಕ್ಕೆ ಎಡೆಯಿಲ್ಲ. ಮೇಡನ್ನೆಂಬ ಬಂಜೆ ಓವರಿಗೆ ಮೊದಲ ಬಾರಿ ಬೇಸ್‌ಬಾಲಿನ ಸೊನ್ನೆಯ ಬಲ ಬಂದಿತು. ೧೯೭೫ರ ಜೂನಿನಲ್ಲಿ ಮೊದಲ ವಿಶ್ವಕಪ್ಪಿನಲ್ಲಿ ಪೂರ್ವ ಆಫ್ರಿಕದ ಮೇಲೆ ಬಿಷನ್ ಸಿಂಗ್ ಬೇಡಿ ೧೨ ಓವರುಗಳಲ್ಲಿ ೮ ಮೇಡನ್ ಹಾಕಿ ೬ ಓಟ ಕೊಟ್ಟು ಒಂದು ವಿಕೆಟ್ ಪಡೆದರು. ಭಾರತ ಹತ್ತು ವಿಕೆಟ್ಟುಗಳಿಂದ ಗೆದ್ದಿತು. ೧೯೯೨ರ ಡಿಸೆಂಬರಿನಲ್ಲಿ ಸಿಡ್ನಿಯಲ್ಲಿ ವೆಸ್ಟ್ ಇಂಡೀಸಿನ ಫಿಲ್ ಸಿಮನ್ಸ್ ಪಾಕಿಸ್ತಾನದ ಮೇಲೆ ಹತ್ತು ಓವರುಗಳಲ್ಲಿ ಮೂರೇ ಓಟ ಕೊಟ್ಟು ನಾಲ್ಕು ವಿಕೆಟ್ ತೆಗೆದರು.

ಇಲ್ಲಿಗೆ ನಾವು ಗದಗಿಗೆ ಬಂದೆವು. ಗದಗು ಬೆಟಗೇರಿಗಳು ಹತ್ತಿಯ ಸೀಮೆ, ಎರೆಮಣ್ಣಿನ ನಾಡು. ನೇಕಾರರ, ಮುದ್ರಣಕಾರರ, ಗಾಯಕರ ಊರು. ಪಕ್ಕದಲ್ಲಿಯೇ ಬಿಂಕದಕಟ್ಟಿ, ಇಂದು ಅಲ್ಲಿಯ ಮೃಗಾಲಯಕ್ಕೆಂದು ಮಕ್ಕಳು ಹೋಗುತ್ತಾರೆ. ಹೆಸರಿನಲ್ಲಿಯೇ ಬಿಂಕವಿರುವ ಆ ಹಳ್ಳಿಯವರು ನೆರೆಯೂರಿನ ಒಬ್ಬ ಹುಡುಗನ ವಿಷಯದಲ್ಲಿ ಬಿಂಕಪಟ್ಟರೆ ತಪ್ಪೇನಿಲ್ಲ. ಸುನಿಲ್ ಜೋಶಿ ೧೯೭೦ರ ಜೂನ್ ೬ರಂದು ಗದಗಿನಲ್ಲಿ ಹುಟ್ಟಿದರು. ಎಡಗೈಯ ನಿಧಾನದ ಬೋಲರು. ಬೆಂಗಳೂರಿನಲ್ಲಿ ಹುಟ್ಟಿದ ಹುಡುಗನಿಗೆ ಬೀದಿಯ ತುದಿಯಲ್ಲಿ ಮೈದಾನ, ಮೈದಾನದಲ್ಲಿ ಕ್ಲಬ್ಬು. ಉತ್ತರದ ಜಿಲ್ಲೆಗಳವರಿಗೆ ಆ ಅನುಕೂಲವಿರಲಿಲ್ಲ. ಈ ಹುಡುಗನು ಅಭ್ಯಾಸಕ್ಕಾಗಿ ಸುಮಾರು ೬೦ ಕಿಲೋಮೀಟರು ದೂರದ ಹುಬ್ಬಳ್ಳಿಗೆ ಬೆಳಗಿನ ಹೊತ್ತು ಹೋಗಿ, ಶಾಲೆಯ ಗಂಟೆಗೆ ಸರಿಯಾಗಿ ಗದಗಿಗೆ ಹಿಂದಿರುಗುತ್ತಿದ್ದನು. ೧೯೯೫-೯೬ರ ರಣಜಿಯಲ್ಲಿ ಕರ್ನಾಟಕ ಗೆದ್ದಾಗ ಒಂದೇ ವರ್ಷದಲ್ಲಿ ಐನೂರಕ್ಕೆ ಮೇಲ್ಪಟ್ಟು ಓಟಗಳನ್ನೂ ಐವತ್ತಕ್ಕೆ ಮೇಲ್ಪಟ್ಟು ವಿಕೆಟ್ಟುಗಳನ್ನೂ ಕೂಡಿಸಿ, ೧೯೯೬ರಲ್ಲಿ ಇಂಗ್ಲೆಂಡಿನಲ್ಲಿ ಭಾರತದ ಪರವಾಗಿ ಮೊದಲ ಟೆಸ್ಟ್ ಆಡಿದರು.

೧೯೯೯ರ ಸೆಪ್ಟೆಂಬರ್ ೨೬. ಸ್ಥಳ ಕೀನ್ಯಾ ದೇಶದ ನೈರೋಬಿ. ಸಮುದ್ರಮಟ್ಟದಿಂದ ಐದು ಸಾವಿರ ಅಡಿಗಳಿಗೂ ಎತ್ತರದ ಊರು. ಭಾರತ, ದಕ್ಷಿಣ ಆಫ್ರಿಕ, ಜಿಂಬಾಬ್ವೆ, ಕೀನ್ಯಾ ನಾಲ್ಕು ತಂಡಗಳು ಕೂಡಿದ್ದ ಪಂದ್ಯಾವಳಿ. ಎದುರಿಗೆ ಹ್ಯಾನ್ಸಿ ಕ್ರೋನಿಯೆಯವರ ದಕ್ಷಿಣ ಆಫ್ರಿಕ. ಅದೇ ಬೇಸಗೆಯಲ್ಲಿ ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಓಟಗಳು ಸಮವಾದರೂ ಫೈನಲಿಗೆ ಹೋಗಲಾರದೆ ಉಳಿದಿದ್ದ ತಂಡ. ಅಂಥವರನ್ನು ದುರ್ಬಲರೆಂದು ಯಾರೂ ಹೇಳಲಾರರು. ಜೋಶಿಯವರು ತಮ್ಮ ಪಾಲಿನ ಹತ್ತು ಓವರುಗಳನ್ನು ಹಾಕಿದರು. ಅವುಗಳಲ್ಲಿ ಆರು ಮೇಡನ್. ಉಳಿದ ನಾಲ್ಕರಲ್ಲಿ ಕೊಟ್ಟ ಓಟ ಒಟ್ಟು ಆರು. ಬಿದ್ದ ವಿಕೆಟ್ಟು ಐದು.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಪಕ್ಷಕ್ಕೆ ಇರುವುದು ೩೦೦ ಚೆಂಡುಗಳು. ಅವುಗಳಲ್ಲಿ ೬೦, ಎಂದರೆ ಐದನೆಯ ಒಂದು ಪಾಲು, ಈ ಒಬ್ಬರ ಕೈಯಲ್ಲಿ ಕಳೆದುಹೋಯಿತು. ಬದಲಿಗೆ ಎದುರಾಳಿಗೆ ದೊರೆತುದು ಆರು ಓಟ. ನಾಡಕರ್ಣಿಯವರ ಮೇಡನ್ನನ್ನು ಬ್ಯಾರಿಂಗ್ಟನ್ ಸಹಿಸಬಹುದಾಗಿತ್ತು, ನಾಳೆಯೆಂಬುದು ಅವರಿಗಿತ್ತು. ನೈರೋಬಿಯಲ್ಲಿ ನಾಳೆಯಿರಲಿಲ್ಲ. ಒಂದು ಮೇಡನ್ ಕಳೆದರೆ ಮುಂದಿನ ಓವರಿನಲ್ಲಿ ಎರಡರ ಓಟವನ್ನು ತರಬೇಕು, ತರಹೋದವನು ಔಟು, ಹೊಸದಾಗಿ ಬಂದವನಿಗೆ ಮತ್ತೆ ಮೇಡನ್. ಮದರಾಸಿನಲ್ಲಿ ಒಬ್ಬರು ಓಟವನ್ನು ತಡೆದರು, ವಿಕೆಟ್ಟು ಇನ್ನೊಬ್ಬರಿಗೆ ಹೋಯಿತು. ಇಲ್ಲಿ ತಡೆದವರಿಗೇ ವಿಕೆಟ್ಟು ದಕ್ಕಿತು. ದಕ್ಷಿಣ ಆಫ್ರಿಕ ೧೧೭ಕ್ಕೆ ಮುಗಿಯಿತು. ಭಾರತ ೨೩ ಓವರುಗಳೊಳಗೆ ಎಂಟು ವಿಕೆಟ್ಟುಗಳಿಂದ ಗೆದ್ದಿತು. ಕ್ರಿಕೆಟ್ಟಿನಲ್ಲಿ ಒಬ್ಬ ಬೋಲರು ಷಟ್‌ಔಟಿಗೆ ಎಷ್ಟು ಸಮೀಪ ಹೋಗಬಹುದೋ ಅಷ್ಟು ಸಮೀಪಕ್ಕೆ ಗದಗಿನವರೊಬ್ಬರು ಹೋಗಿದ್ದರು.

ಸಿಮನ್ಸರ ಮೂರು ಓಟ ಜೋಶಿಯವರ ಆರಕ್ಕಿಂತ ಕಡಮೆಯೆಂದು ಯಾರಾದರೂ ಹೇಳಬಹುದು. ಒಪ್ಪಿದೆ. ಆದರೆ ಸಿಮನ್ಸ್ ಮಧ್ಯಮ ವೇಗದವರು. ನಿಧಾನದ ಬೋಲರು ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು, ಹೊಡೆಯೆಂದು ಕರೆದು, ಹೊಡೆಯಗೊಡದೆ ಇರಬೇಕು. ಇದು ಬೇರೆ ವಿದ್ಯೆ. ಬ್ರಾಡ್ಲಿಯ ಕಾಲದ ದಾಂಡಿಗನು ಎತ್ತರವೋ ತಗ್ಗೋ ಎಂದು ಕೇಳಿ ಪಡೆದ ಚೆಂಡನ್ನೂ ಹೊಡೆಯಲಾರದೆ ಹೋಗುತ್ತಿದ್ದನಲ್ಲ, ಆ ಜಾತಿಯದು.

ಮುಂದಿನ ಕಥೆ ಚಿಕ್ಕದು. ಆ ಪಂದ್ಯಾವಳಿಯ ಫೈನಲಿನಲ್ಲಿ ಅದೇ ದಕ್ಷಿಣ ಆಫ್ರಿಕ ಭಾರತವನ್ನು ಸೋಲಿಸಿ ಕಪ್ಪನ್ನು ಒಯ್ದಿತು. ೨೦೦೦ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊದಲನೆಯ ಟೆಸ್ಟ್ ಆಡಿದಾಗ ಜೋಶಿಯವರು ಎಂಟು ವಿಕೆಟ್ಟುಗಳನ್ನೂ ೯೨ ಓಟಗಳನ್ನೂ ಗಳಿಸಿ ಪಂದ್ಯದ ಶ್ರೇಷ್ಠರೆನಿಸಿದರು. ಹದಿನೈದು ಟೆಸ್ಟುಗಳ ಮೇಲೆ ಅವರಿಗೆ ಕರೆ ಬರಲಿಲ್ಲ. ೨೦೨೦ರಲ್ಲಿ ಅವರು ಭಾರತದ ತಂಡವನ್ನು ಆರಿಸುವ ಸಮಿತಿಯ ಅಧ್ಯಕ್ಷರಾಗಿ ಕೆಲವು ತಿಂಗಳು ಕೆಲಸ ಮಾಡಿದರು.

ನೈರೋಬಿಯ ಆ ದಿನವನ್ನು ಅಂಕಪಟ್ಟಿ ನಾಲ್ಕು ಅಂಕಿಗಳಲ್ಲಿ ಬರೆಯುತ್ತದೆ: ೧೦, ೬, ೬, ೫. ಓವರು, ಮೇಡನ್, ಓಟ, ವಿಕೆಟ್ಟು ಎಂಬುದು ಕ್ರಮ. ಅಚ್ಚಿನಲ್ಲಿ ಓದುವವರಿಗೆ ಇದು ಸುಲಭ. ಬಾನುಲಿಯಲ್ಲಿ ಹೇಳುವವನಿಗೆ ಮಾತ್ರ ಸ್ವಲ್ಪ ತೊಡಕು. ನಡುವೆ ಎರಡು ಆರುಗಳು ಒಟ್ಟೊಟ್ಟಿಗೆ ಬರುತ್ತವೆ. ಮೊದಲನೆಯ ಆರು ಏನನ್ನೂ ಕೊಡದ ಓವರುಗಳದು, ಎರಡನೆಯ ಆರು ಕೊಟ್ಟ ಓಟಗಳದು. ಕೇಳುವವರು ಪೆನ್ಸಿಲು ಹಿಡಿದು ಬರೆದುಕೊಳ್ಳುತ್ತಿದ್ದರೆ ಎರಡನ್ನೂ ಬರೆದುಕೊಳ್ಳಬೇಕು.